ಶುಗರ್ ಗುಂಪು ತಪಾಸಣೆಗೆ ಜನ ಯಾಕೆ ಬರುವುದಿಲ್ಲ? ಪದೇ ಪದೇ ಕೇಳುವ ಪ್ರಶ್ನೆಗಳು

ಪ್ರಾಥಮಿಕ ಆರೋಗ್ಯ ಕೇಂದ್ರ, ನಮ್ಮ ಕ್ಲಿನಿಕ್, ಆಯುಷ್ಮಾನ್ ಆರೋಗ್ಯ ಮಂದಿರ ಅಥವಾ ಸಣ್ಣ ಖಾಸಗಿ ಆಸ್ಪತ್ರೆಯಲ್ಲಿ ಸಕ್ಕರೆ ಕಾಯಿಲೆಯವರಿಗೆ ಗುಂಪು ತಪಾಸಣೆ ನಡೆಸುವ ವೈದ್ಯರು, ನರ್ಸ್‌ಗಳು, ಸಮುದಾಯ ಆರೋಗ್ಯ ಅಧಿಕಾರಿಗಳು ಮತ್ತು ಆಶಾ ಕಾರ್ಯಕರ್ತೆಯರಿಗಾಗಿ ಈ ಪುಟ. ಕಾಯಿಲೆ ಇರುವವರು ಮತ್ತು ಅವರ ಮನೆಯವರು ಕೇಳುವ ಪ್ರಶ್ನೆಗಳೂ ಇಲ್ಲಿವೆ.

"ಜನರಿಗೆ ಕಾಳಜಿಯೇ ಇಲ್ಲ, ಎಷ್ಟು ಕರೆದರೂ ಬರುವುದಿಲ್ಲ" ಎಂಬ ಮಾತು ಎಲ್ಲ ಕಡೆ ಕೇಳುತ್ತದೆ. ಅದನ್ನು ನಾವು ಒಪ್ಪುವುದಿಲ್ಲ. ಬಾರದವರ ಪಟ್ಟಿ ಹಿಡಿದು ಒಬ್ಬೊಬ್ಬರನ್ನೇ ವಿಚಾರಿಸಿದರೆ ಪ್ರತಿ ಹೆಸರಿನ ಹಿಂದೆಯೂ ಒಂದು ಕಾರಣ ಸಿಗುತ್ತದೆ: ಕೂಲಿ, ಬಸ್ಸು, ಶೌಚಾಲಯ, ನಾಚಿಕೆ, ಹೋದ ಸಲ ಸಿಗದ ಮಾತ್ರೆ. ಇವುಗಳಲ್ಲಿ ಬಹುಪಾಲು ಆಸ್ಪತ್ರೆಯವರ ಕೈಯಲ್ಲೇ ಇರುವ ವಿಷಯಗಳು.

ಗುಂಪು ತಪಾಸಣೆ ಎಂದರೆ ಏನು? ಶಿಬಿರಕ್ಕೂ ಇದಕ್ಕೂ ಏನು ವ್ಯತ್ಯಾಸ?

ಶಿಬಿರದಲ್ಲಿ ನೂರಾರು ಜನ ಸೇರುತ್ತಾರೆ, ಶುಗರ್ ನೋಡಿಸಿಕೊಂಡು ಹೋಗುತ್ತಾರೆ. ಅದೇ ಜನ ಮತ್ತೆ ಸೇರುವುದಿಲ್ಲ. ಗುಂಪು ತಪಾಸಣೆಯಲ್ಲಿ 8ರಿಂದ 12 ಜನ, ಅದೇ ಜನ, ಗೊತ್ತಾದ ದಿನಕ್ಕೆ ಮತ್ತೆ ಮತ್ತೆ ಸೇರುತ್ತಾರೆ. ತೂಕ, ಬಿ.ಪಿ., ಶುಗರ್, ಪಾದ ಎಲ್ಲವನ್ನೂ ನೋಡಲಾಗುತ್ತದೆ, ವೈದ್ಯರು ಔಷಧಿ ಬದಲಿಸುತ್ತಾರೆ, ಚೀಟಿ ಬರೆಯುತ್ತಾರೆ. ಒಬ್ಬೊಬ್ಬರಾಗಿ ಹೋದಾಗ ಸಿಗುವ ಚಿಕಿತ್ಸೆಯೇ ಇದು. ಊಟ, ಮಾತ್ರೆ, ಕಾಲಿನ ಆರೈಕೆ ಕುರಿತ ಮಾತು ಮಾತ್ರ ಎಲ್ಲರ ನಡುವೆ ನಡೆಯುತ್ತದೆ.

ಹತ್ತು ಜನರ ಗುಂಪಿಗೆ 100 ನಿಮಿಷ ಹಿಡಿಯುತ್ತದೆ. ಮೊದಲ 30 ನಿಮಿಷ ತೂಕ, ಬಿ.ಪಿ., ಬೆರಳ ರಕ್ತ, ಪಾದ. ಮುಂದಿನ 30 ನಿಮಿಷ ನರ್ಸ್ ಅಥವಾ ಆಪ್ತಸಮಾಲೋಚಕರು ನಡೆಸುವ ಮಾತುಕತೆ. ಆಮೇಲಿನ 30 ನಿಮಿಷದಲ್ಲಿ ವೈದ್ಯರು ಒಬ್ಬೊಬ್ಬರ ಚೀಟಿ ನೋಡುತ್ತಾರೆ, ತಲಾ 3 ನಿಮಿಷ. ಕೊನೆಯ 10 ನಿಮಿಷ ಒಂಟಿಯಾಗಿ ಮಾತಾಡಬೇಕೆನ್ನುವವರಿಗೆ. ಈ ಕೊನೆಯ 10 ನಿಮಿಷವನ್ನು ಯಾವ ಕಾರಣಕ್ಕೂ ಕತ್ತರಿಸಬೇಡಿ. ಯಾಕೆಂದು ಕೆಳಗೆ ಹೇಳಿದ್ದೇವೆ.

ಇದರಿಂದ ಉಪಯೋಗ ಇದೆ ಎಂದು ಎಲ್ಲಿ ಗೊತ್ತಾಗಿದೆ?

ಇಟಲಿಯ ಟ್ಯುರಿನ್ ನಗರದಲ್ಲಿ 1996ರಲ್ಲಿ ಶುರುವಾದ ಅಧ್ಯಯನ ಇದರಲ್ಲಿ ಹೆಸರುವಾಸಿ. ಇನ್ಸುಲಿನ್ ತೆಗೆದುಕೊಳ್ಳದ 112 ಜನ ಟೈಪ್ 2 ಮಧುಮೇಹಿಗಳಲ್ಲಿ ಅರ್ಧದಷ್ಟು ಜನರನ್ನು ಗುಂಪಿನಲ್ಲಿ, ಉಳಿದವರನ್ನು ಒಬ್ಬೊಬ್ಬರಾಗಿ ನೋಡಿದರು. ಐದು ವರ್ಷದಲ್ಲಿ ಒಬ್ಬೊಬ್ಬರಾಗಿ ಬಂದವರ ಎಚ್‌ಬಿಎ1ಸಿ, ಅಂದರೆ ಮೂರು ತಿಂಗಳ ಸರಾಸರಿ ಶುಗರ್, ಏರುತ್ತಾ ಹೋಯಿತು. ಗುಂಪಿನವರದು ಹೆಚ್ಚುಕಡಿಮೆ ಇದ್ದಲ್ಲೇ ನಿಂತಿತು. ನಮ್ಮ ಪಕ್ಕದ ಪುದುಚೇರಿಯ ಅರವಿಂದ ಕಣ್ಣಾಸ್ಪತ್ರೆಯಲ್ಲಿ ಗ್ಲಾಕೋಮಾ ಎಂಬ ಕಣ್ಣಿನ ಕಾಯಿಲೆ ಇರುವವರನ್ನು ಸಣ್ಣ ಗುಂಪುಗಳಲ್ಲಿ ನೋಡಿದಾಗಲೂ ಜನ ಅದನ್ನು ಮೆಚ್ಚಿಕೊಂಡರು, ಕಾಯಿಲೆಯ ಬಗ್ಗೆ ಹೆಚ್ಚು ತಿಳಿದುಕೊಂಡರು.

ಆದರೆ ಬಂದವರಿಗಷ್ಟೇ ಈ ಉಪಯೋಗ. 2023ರಲ್ಲಿ ಪ್ರಕಟವಾದ ಭಾರತೀಯ ವೈದ್ಯಕೀಯ ಸಂಶೋಧನಾ ಮಂಡಳಿಯ (ಐಸಿಎಂಆರ್) ಇಂಡಿಯಾಬ್ ಅಧ್ಯಯನದ ಪ್ರಕಾರ ದೇಶದಲ್ಲಿ 10.1 ಕೋಟಿ ಜನರಿಗೆ ಮಧುಮೇಹ ಇದೆ. ಒಬ್ಬೊಬ್ಬರಿಗೂ ಇಪ್ಪತ್ತು ನಿಮಿಷ ಕೊಡುವಷ್ಟು ವೈದ್ಯರು ನಮ್ಮಲ್ಲಿಲ್ಲ. ಹಾಗಿರುವಾಗ ಗುಂಪಿಗೆ ಬರಲು ಏನು ಅಡ್ಡಿ ಎಂಬುದನ್ನು ಹಗುರವಾಗಿ ತಗೊಳ್ಳುವಂತಿಲ್ಲ.

ಮೊದಲ ಸಲ ಹನ್ನೆರಡು ಜನ ಬಂದರು, ಮೂರನೇ ಸಲಕ್ಕೆ ಐದೇ ಜನ. ಏನಾಗಿದೆ?

ಮೊದಲು ಕೂಲಿಯ ಲೆಕ್ಕ ಹಾಕಿ. ತಪಾಸಣೆ 100 ನಿಮಿಷದ್ದಾದರೂ ಬರುವವರಿಗೆ ಅದು ಅರ್ಧ ದಿನ. ಹೊಲದ ಕೆಲಸಕ್ಕೆ ಬೆಳಿಗ್ಗೆ ಎಂಟೂವರೆ ಒಂಬತ್ತಕ್ಕೆ ಹೋಗದಿದ್ದರೆ ಆ ದಿನದ ಕೂಲಿ ಪೂರ್ತಿ ಹೋಯಿತು. ಹನ್ನೆರಡಕ್ಕೆ ಬಂದವರನ್ನು ಯಾರೂ ಕೆಲಸಕ್ಕೆ ಕರೆದುಕೊಳ್ಳುವುದಿಲ್ಲ. ಬಸ್ ಛಾರ್ಜು, ಜೊತೆಗೆ ಬಂದ ಮಗ ಅಥವಾ ಮಗಳ ಕೂಲಿಯೂ ಸೇರಿದರೆ ಪುಕ್ಕಟೆ ಚಿಕಿತ್ಸೆ ಪುಕ್ಕಟೆಯಾಗಿ ಉಳಿಯುವುದಿಲ್ಲ. ಮೊದಲ ಸಲ ಹೊಸದೆಂದು ಬರುತ್ತಾರೆ, ಎರಡನೇ ಸಲ ಆಶಾ ಅಕ್ಕನ ಮಾತಿಗೆ ಬರುತ್ತಾರೆ, ಮೂರನೇ ಸಲ ಮನೆಯಲ್ಲಿ ಲೆಕ್ಕ ಹಾಕುತ್ತಾರೆ.

ಎರಡನೆಯದು ಕಾಯಿಸುವುದು. ಹತ್ತೂವರೆಗೆ ಕರೆದು ಹನ್ನೆರಡಕ್ಕೆ ಶುರು ಮಾಡಿದರೆ ಮುಂದಿನ ತಿಂಗಳು ಅವರೂ ಹನ್ನೆರಡಕ್ಕೆ ಬರುತ್ತಾರೆ, ಇಲ್ಲವೇ ಬರುವುದೇ ಇಲ್ಲ. ವೈದ್ಯರು ಮೊದಲಿನಿಂದ ಕೂತಿರಲೇಬೇಕೆಂದಿಲ್ಲ. ನರ್ಸ್ ಮತ್ತು ಲ್ಯಾಬಿನವರು ಹೇಳಿದ ಹೊತ್ತಿಗೆ ಸರಿಯಾಗಿ ತೂಕ, ಬಿ.ಪಿ. ಶುರು ಮಾಡಿದರೆ ಸಾಕು.

ಹಾಗಾದರೆ ಯಾವ ದಿನ, ಯಾವ ಹೊತ್ತು ಇಟ್ಟುಕೊಳ್ಳುವುದು?

ಎಲ್ಲ ಊರಿಗೂ ಹೊಂದುವ ದಿನ ಇಲ್ಲ; ಊರಿನ ದುಡಿಮೆ ನೋಡಿ ತೀರ್ಮಾನಿಸಬೇಕು. ಮಳೆ ಹಿಡಿದು ಭತ್ತದ ನಾಟಿ ನಡೆಯುವ ವಾರಗಳಲ್ಲಿ, ರಾಗಿ ಕೊಯ್ಲಿನಲ್ಲಿ, ಕೊಡಗು ಚಿಕ್ಕಮಗಳೂರಿನ ಕಾಫಿ ಕೊಯ್ಲಿನಲ್ಲಿ, ಮಲೆನಾಡಿನ ಅಡಿಕೆ ಸುಲಿತದಲ್ಲಿ ಹಗಲು ಗುಂಪು ನಿಲ್ಲುವುದಿಲ್ಲ. ರೇಷ್ಮೆ ಸಾಕುವ ಮನೆಯವರು ಹುಳು ನಾಲ್ಕನೇ ಜ್ವರದಿಂದ (ಪೊರೆ ಬಿಡುವ ಹಂತ) ಎದ್ದ ಮೇಲಿನ ಒಂದು ವಾರ ಮನೆ ಬಿಟ್ಟು ಕದಲಲಾರರು. ಹಸು ಕಟ್ಟಿದವರಿಗೆ ಡೇರಿಗೆ ಹಾಲು ಹಾಕುವ ಹೊತ್ತು ಬೆಳಿಗ್ಗೆಯೂ ಇದೆ, ಸಂಜೆಯೂ ಇದೆ. ಬೆಂಗಳೂರಿನ ಗಾರ್ಮೆಂಟ್ಸ್ ಹೆಂಗಸರಿಗೆ ಭಾನುವಾರ ಬಿಟ್ಟರೆ ಬೇರೆ ದಿನವಿಲ್ಲ.

ಸಂತೆಯ ದಿನ ಆಸ್ಪತ್ರೆಯಲ್ಲಿ ಗಲಾಟೆ ಎಂದು ಹಲವರು ಅದನ್ನು ಬಿಡುತ್ತಾರೆ. ಆಸ್ಪತ್ರೆ ಸಂತೆಯ ಊರಿನಲ್ಲೇ ಇದ್ದರೆ ಆ ದಿನವೇ ಒಳ್ಳೆಯದು. ಜನ ಹೇಗೂ ಬಂದಿರುತ್ತಾರೆ, ಬೇರೆ ಬಸ್ ಛಾರ್ಜಿಲ್ಲ. ಸಂತೆಗೆ ಸರಕು ತರುವವರನ್ನು ಮಾತ್ರ ಬೇರೆ ದಿನದ ಗುಂಪಿಗೆ ಹಾಕಿ.

"ತಿಂಗಳ ಎರಡನೇ ಬುಧವಾರ" ಎಂದರೆ ನೆನಪಿಡಲು ಸುಲಭ. ಆದರೆ ಒಂದು ಎರಡನೇ ಬುಧವಾರದಿಂದ ಇನ್ನೊಂದಕ್ಕೆ ಕೆಲವೊಮ್ಮೆ 28 ದಿನ, ಕೆಲವೊಮ್ಮೆ 35 ದಿನ. ನಿಮ್ಮಲ್ಲಿ 30 ದಿನದ ಮಾತ್ರೆ ಮಾತ್ರ ಕೊಡುವ ರೂಢಿ ಇದ್ದರೆ ಐದು ದಿನ ಮಾತ್ರೆ ಇಲ್ಲದೆ ಹೋಗುತ್ತದೆ. ಅಂಥ ಕಡೆ "ನಾಲ್ಕು ವಾರಕ್ಕೊಮ್ಮೆ" ಎಂದು ಇಟ್ಟು, ಮುಂದಿನ ತಾರೀಕನ್ನು ಚೀಟಿಯ ಮೇಲೆ ದಪ್ಪಗೆ ಬರೆದು ಕೊಡಿ.

ಸರ್ಕಾರಿ ಬಸ್ ಹೆಂಗಸರಿಗೆ ಪುಕ್ಕಟೆ ಇದೆಯಲ್ಲ, ಮತ್ತೆ ದೂರದ ನೆಪ ಯಾಕೆ?

ಶಕ್ತಿ ಯೋಜನೆ ಜೂನ್ 11, 2023ರಿಂದ ಇದೆ, ಅದರಿಂದ ನಿಜಕ್ಕೂ ಸಹಾಯವಾಗಿದೆ. ಆದರೆ ದಕ್ಷಿಣ ಕನ್ನಡ, ಉಡುಪಿಯ ಎಷ್ಟೋ ದಾರಿಗಳಲ್ಲಿ ಖಾಸಗಿ ಬಸ್ಸುಗಳೇ ಹೆಚ್ಚು, ಅಲ್ಲಿ ಟಿಕೆಟ್ ತಗೊಳ್ಳಲೇಬೇಕು. ದಿನಕ್ಕೆರಡೇ ಬಸ್ ಬರುವ ಹಳ್ಳಿಯಲ್ಲಿ ಪುಕ್ಕಟೆ ಟಿಕೆಟ್ ಇದ್ದೂ ಬಸ್ಸೇ ಇರುವುದಿಲ್ಲ. ಬಸ್ ನಿಲ್ಲುವ ಜಾಗದಿಂದ ಆಸ್ಪತ್ರೆಗೆ ಒಂದೂವರೆ ಕಿಲೋಮೀಟರ್ ನಡೆಯಬೇಕಾದರೆ ಪಾದ ಜೋಮು ಹಿಡಿದವರಿಗೆ ಅದೇ ದೊಡ್ಡ ಅಡ್ಡಿ. ತಪಾಸಣೆ ಮುಗಿಯುವ ಹೊತ್ತನ್ನು ವಾಪಸ್ ಬಸ್ಸಿನ ಹೊತ್ತಿಗೆ ಹೊಂದಿಸಿ. ಮಧ್ಯದಲ್ಲಿ ಎದ್ದು ಹೋಗುವವರು ಹೆಚ್ಚಾಗಿ ಬಸ್ಸಿಗಾಗಿ ಎದ್ದವರು. ಒಂದೇ ಹಳ್ಳಿಯ ಐದಾರು ಜನರನ್ನು ಒಂದೇ ಗುಂಪಿಗೆ ಹಾಕಿದರೆ ಆಟೋ ಹಂಚಿಕೊಳ್ಳುತ್ತಾರೆ. ಇನ್ನೂ ಒಳ್ಳೆಯದೆಂದರೆ ಗುಂಪನ್ನೇ ಉಪಕೇಂದ್ರಕ್ಕೆ ಒಯ್ಯುವುದು: ತೂಕದ ಯಂತ್ರ, ಬಿ.ಪಿ. ಯಂತ್ರ, ಗ್ಲುಕೋಮೀಟರ್, ಔಷಧಿ ಪೊಟ್ಟಣಗಳು ಒಂದು ಚೀಲದಲ್ಲಿ ಹೋಗುತ್ತವೆ.

ಖಾಲಿ ಹೊಟ್ಟೆಯಲ್ಲಿ ಬರಬೇಕೇ?

ಬೇಡ. ಈ ಒಂದು ಬದಲಾವಣೆಯಿಂದಲೇ ಬರುವವರ ಸಂಖ್ಯೆ ಏರುತ್ತದೆ. ಎಚ್‌ಬಿಎ1ಸಿ ಪರೀಕ್ಷೆಗೆ ಉಪವಾಸ ಬೇಕಿಲ್ಲ. ತಿಂಡಿ ತಿಂದ ಎರಡು ಗಂಟೆಯ ಶುಗರ್ ನೋಡಿದರೂ ಚಿಕಿತ್ಸೆ ತೀರ್ಮಾನಕ್ಕೆ ಸಾಕಷ್ಟು ತಿಳಿಯುತ್ತದೆ. ತಿಂಡಿ ತಿಂದ ಹೊತ್ತನ್ನು ಕೇಳಿ, ಅಂಕಿಯ ಪಕ್ಕದಲ್ಲೇ ಬರೆದಿಡಿ.

ಉಪವಾಸ ಕರೆದರೆ ಆಗುವ ಅಪಾಯ ಹೀಗೆ. ಏಳು ಗಂಟೆಗೆ ಮನೆ ಬಿಟ್ಟವರು ಅಭ್ಯಾಸದಂತೆ ಬೆಳಗಿನ ಗ್ಲಿಮೆಪಿರೈಡ್ ಅಥವಾ ಗ್ಲಿಬೆನ್‌ಕ್ಲಮೈಡ್ ನುಂಗಿ ಬಂದಿರುತ್ತಾರೆ, ತಿಂಡಿ ತಿಂದಿರುವುದಿಲ್ಲ. ಹತ್ತರ ಹೊತ್ತಿಗೆ ಕೈ ನಡುಕ, ಬೆವರು, ಕಣ್ಣು ಕತ್ತಲೆ. ಶುಗರ್ 70ಕ್ಕಿಂತ ಕೆಳಗಿದ್ದರೆ, ಎಚ್ಚರವಿದ್ದು ನುಂಗಬಲ್ಲವರಿಗೆ, ತಕ್ಷಣ ಮೂರು ಟೀ ಚಮಚ ಸಕ್ಕರೆಯನ್ನು ನೀರಲ್ಲಿ ಕಲಸಿ ಕುಡಿಸಿ. 15 ನಿಮಿಷ ಬಿಟ್ಟು ಮತ್ತೆ ನೋಡಿ, ಇನ್ನೂ 70 ದಾಟಿರದಿದ್ದರೆ ಅಷ್ಟೇ ಸಕ್ಕರೆ ಇನ್ನೊಮ್ಮೆ. ದಾಟಿದ ಮೇಲೆ ತಿಂಡಿ ಕೊಡಿ. ಎಚ್ಚರ ತಪ್ಪಿದವರ ಬಾಯಿಗೆ ಏನೂ ಹಾಕಬಾರದು. ಅವರಿಗೆ ವೈದ್ಯರು ನರಕ್ಕೆ ಗ್ಲುಕೋಸ್ ಕೊಡಬೇಕು. ಇಂಥದ್ದೊಂದು ಗುಂಪಿನ ಎದುರಿಗೆ ಆಯಿತೆಂದರೆ "ಅಲ್ಲಿಗೆ ಹೋದರೆ ತಲೆ ತಿರುಗಿ ಬೀಳುತ್ತಾರೆ" ಎಂದು ಊರೆಲ್ಲ ಹಬ್ಬುತ್ತದೆ.

ಏನಾದರೂ ಕಾರಣಕ್ಕೆ ಖಾಲಿ ಹೊಟ್ಟೆಯ ರಕ್ತವೇ ಬೇಕಿದ್ದರೆ ಶುಗರ್ ಮಾತ್ರೆ ಮತ್ತು ಇನ್ಸುಲಿನ್ ಮನೆಯಲ್ಲಿ ತೆಗೆದುಕೊಳ್ಳದೆ ಜೊತೆಗೆ ತರಲು ಹೇಳಿ, ಎಂಟೂವರೆಯೊಳಗೆ ರಕ್ತ ತೆಗೆದು, ಅಲ್ಲೇ ತಿಂಡಿ ಮಾಡಿಸಿ. ಬಿ.ಪಿ. ಮಾತ್ರೆ ಎಂದಿನಂತೆ ನುಂಗಿಯೇ ಬರಲಿ.

ಮಾತ್ರೆ ಸಿಗದಿದ್ದರೆ ಬಂದು ಏನು ಪ್ರಯೋಜನ?

ಕಾಯಿಲೆಯವರು ಕೇಳುವ ಈ ಪ್ರಶ್ನೆ ಪೂರ್ತಿ ನ್ಯಾಯವಾದದ್ದು. ಊಟದ ಬಗ್ಗೆ ಎಷ್ಟು ಚೆನ್ನಾಗಿ ಹೇಳಿದರೂ, ಕೊನೆಗೆ "ಮೆಟ್‌ಫಾರ್ಮಿನ್ ಖಾಲಿ, ಮುಂದಿನ ವಾರ ಬನ್ನಿ" ಎಂದರೆ ಆ ಗುಂಪು ಅಲ್ಲಿಗೇ ಒಡೆಯುತ್ತದೆ. ಹತ್ತು ಜನರ ಗುಂಪಿಗೆ, ಎಲ್ಲರೂ ದಿನಕ್ಕೆ ಎರಡು ಮಾತ್ರೆ ನುಂಗುವವರಾದರೆ, 35 ದಿನಕ್ಕೆ 700 ಮೆಟ್‌ಫಾರ್ಮಿನ್ ಬೇಕು. ಗುಂಪಿನ ದಿನಕ್ಕೆ ಒಂದು ವಾರ ಮೊದಲೇ ಫಾರ್ಮಸಿಯವರು ಎಣಿಸಿ ನೋಡಲಿ. ಸಾಲದಿದ್ದರೆ ತಾಲ್ಲೂಕು ಆಸ್ಪತ್ರೆಯಿಂದಲೋ ಪಕ್ಕದ ಕೇಂದ್ರದಿಂದಲೋ ತರಿಸಲು ಇನ್ನೂ ಸಮಯವಿರುತ್ತದೆ. ಹೋದ ತಿಂಗಳ ಚೀಟಿ ನೋಡಿ ಹಿಂದಿನ ದಿನವೇ ಹೆಸರು ಬರೆದ ಪೊಟ್ಟಣ ಕಟ್ಟಿಟ್ಟರೆ, ಔಷಧಿ ಬದಲಾದ ಎರಡು ಮೂರು ಜನರದ್ದನ್ನು ಮಾತ್ರ ಬಿಚ್ಚಬೇಕಾಗುತ್ತದೆ. ಆಗ ಫಾರ್ಮಸಿ ಕಿಟಕಿಯ ಎದುರು ಮತ್ತೆ ಅರ್ಧ ಗಂಟೆ ಸಾಲು ನಿಲ್ಲುವುದು ತಪ್ಪುತ್ತದೆ.

ನನಗೆ ಶುಗರ್ ಇರುವುದು ಊರಿಗೆಲ್ಲ ಗೊತ್ತಾಗುವುದಿಲ್ಲವೇ?

ಈ ಹೆದರಿಕೆಯನ್ನು ಬಾಯಿಬಿಟ್ಟು ಹೇಳುವವರು ಕಡಿಮೆ, ಅದಕ್ಕಾಗಿಯೇ ಬಾರದವರು ಹೆಚ್ಚು. ಮದುವೆ ವಯಸ್ಸಿಗೆ ಬಂದ ಮಗಳಿಗೆ ಶುಗರ್ ಇದ್ದರೆ ಮನೆಯವರು ಅದನ್ನು ಮುಚ್ಚಿಡುತ್ತಾರೆ. ಗಂಡಿನ ಮನೆಯವರಿಗೆ ತಿಳಿದರೆ ಸಂಬಂಧ ಮುರಿಯುತ್ತದೆ ಎಂಬ ಭಯ ಸುಮ್ಮನೆ ಹುಟ್ಟಿದ್ದಲ್ಲ. ಡ್ರೈವರ್ ಕೆಲಸದವರಿಗೆ ಕೆಲಸ ಹೋದೀತೆಂಬ ಭಯ. ಟಿ.ಬಿ. ಅಥವಾ ಎಚ್‌ಐವಿ ಚಿಕಿತ್ಸೆಯಲ್ಲೂ ಇರುವವರಿಗೆ ಅದು ಬಯಲಾದೀತೆಂಬ ಭಯ ಇನ್ನೂ ದೊಡ್ಡದು.

ಆಸ್ಪತ್ರೆಯವರು ಮಾಡಬೇಕಾದದ್ದು ಇಷ್ಟು. ಸೇರಿಸುವ ಮೊದಲು ಒಂಟಿಯಾಗಿ ಕೂರಿಸಿಕೊಂಡು "ಗುಂಪಿನಲ್ಲಿ ನಿಮ್ಮ ಶುಗರ್ ವಿಷಯ ಮಾತಾಡಬಹುದೇ? ಯಾವುದನ್ನು ಮಾತಾಡಬಾರದು?" ಎಂದು ಕೇಳಿ, ಬರೆದಿಟ್ಟು, ಒಪ್ಪಿಗೆ ಪಡೆಯಿರಿ. ಇಲ್ಲಿ ಕೇಳಿದ್ದು ಹೊರಗೆ ಹೋಗಬಾರದು ಎಂಬ ಮಾತನ್ನು ಪ್ರತಿ ಸಲವೂ ಶುರುವಿನಲ್ಲಿ ಹೇಳಿ, ಎಲ್ಲರಿಂದಲೂ ಹೂಂ ಅನ್ನಿಸಿ. ಶುಗರ್ ಅಂಕಿಯನ್ನು ಗಟ್ಟಿಯಾಗಿ ಕೂಗಬೇಡಿ. ಚೀಟಿಯಲ್ಲಿ ಬರೆದು ಕೈಗೆ ಕೊಡಿ, ಹೇಳಬೇಕೋ ಬೇಡವೋ ಅವರಿಗೆ ಬಿಟ್ಟಿದ್ದು. ಓದಲು ಬಾರದವರಿಗೆ ಕಿವಿಯ ಹತ್ತಿರ ಹೇಳಿ. ಗುಂಪಿನ ಫೋಟೋ ತೆಗೆದು ವಾಟ್ಸಾಪ್‌ಗೆ ಹಾಕುವ ರೂಢಿ ಎಲ್ಲ ಕಡೆ ಇದೆ, ಮೇಲಿನ ಕಚೇರಿಗೆ ವರದಿ ಕಳಿಸಲು ಅದು ಬೇಕೆನ್ನುತ್ತಾರೆ. ಮುಖ ಕಾಣುವ ಒಂದೇ ಒಂದು ಫೋಟೋ ಸಾಕು, ಇಬ್ಬರು ಮೂವರು ಶಾಶ್ವತವಾಗಿ ದೂರವಾಗಲು. ಹಾಜರಿ ಪುಸ್ತಕದ ಪುಟ, ಬೇಕಿದ್ದರೆ ಬೆನ್ನ ಹಿಂದಿನಿಂದ ತೆಗೆದ ಚಿತ್ರ ಕಳಿಸಿ.

ಕಾಯಿಲೆ ಇರುವವರಿಗೆ ಹೇಳುವುದು: ನಿಮಗೆ ಇಷ್ಟವಿಲ್ಲದಿದ್ದರೆ ಗುಂಪಿಗೆ ಬರಲೇಬೇಕೆಂದಿಲ್ಲ. ಒಬ್ಬರೇ ವೈದ್ಯರನ್ನು ನೋಡುವ ಹಕ್ಕು ನಿಮ್ಮದು, ಅದಕ್ಕಾಗಿ ಯಾರೂ ನಿಮ್ಮ ಮಾತ್ರೆ ನಿಲ್ಲಿಸುವಂತಿಲ್ಲ.

ಹೆಂಗಸರು ಬರುತ್ತಾರೆ, ಆದರೆ ಬಾಯಿ ಬಿಡುವುದಿಲ್ಲ. ಏನು ಮಾಡುವುದು?

ಅದೇ ಕೋಣೆಯಲ್ಲಿ ಮಾವನೋ ಭಾವನೋ ಕೂತಿದ್ದರೆ ಸೊಸೆ ಹೇಗೆ ಮಾತಾಡಬೇಕು? ಶುಗರ್ ಜಾಸ್ತಿಯಾದಾಗ ಹೆಂಗಸರಿಗೆ ಮೊದಲು ಕಾಣುವ ತೊಂದರೆಗಳಲ್ಲಿ ಗುಪ್ತಾಂಗದ ತುರಿಕೆ, ಉರಿಮೂತ್ರ ಇರುತ್ತವೆ. ಗಂಡಸರ ನಡುವೆ ಅದನ್ನು ಯಾರೂ ಹೇಳುವುದಿಲ್ಲ. ಹೆಂಗಸರದ್ದೇ ಬೇರೆ ಗುಂಪು ಮಾಡಿ, ಅಥವಾ ಒಂದೇ ಮನೆಯವರು ಒಂದೇ ಗುಂಪಿನಲ್ಲಿ ಬಾರದಂತೆ ನೋಡಿಕೊಳ್ಳಿ. ಗಂಡಸರಿಗೂ ಹೀಗೆಯೇ: ಲೈಂಗಿಕ ದೌರ್ಬಲ್ಯ, ಕುಡಿತ ಇವೆರಡೂ ಸಭೆಯಲ್ಲಿ ಬಾಯಿಗೆ ಬರುವ ಮಾತಲ್ಲ. ಕೊನೆಯ 10 ನಿಮಿಷದ ಒಂಟಿ ಮಾತು ಇರುವುದು ಇದಕ್ಕಾಗಿ. "ಯಾರಿಗಾದರೂ ಒಂಟಿಯಾಗಿ ಮಾತಾಡಬೇಕೇ?" ಎಂದು ಸಭೆಯಲ್ಲಿ ಕೇಳಿದರೆ ಯಾರೂ ಕೈ ಎತ್ತುವುದಿಲ್ಲ. ಚೀಟಿಗೆ ಸಹಿ ಹಾಕುವ ನೆಪದಲ್ಲಿ ಎಲ್ಲರನ್ನೂ ಒಮ್ಮೆ ಒಳಗೆ ಕರೆಯಿರಿ, ಹೆಚ್ಚಿನವರಿಗೆ ಅರ್ಧ ನಿಮಿಷ ಸಾಕು. ಬೇಕಾದವರು ಆಗ ಹೇಳುತ್ತಾರೆ.

ಮನೆಯಲ್ಲಿ ಅಡುಗೆ ಮಾಡುವವರು ಯಾರೆಂದೂ ಕೇಳಿ. ಗಂಡಸರ ಗುಂಪಿಗೆ ಊಟದ ಪಾಠ ಹೇಳಿ, ಅಡುಗೆ ಮಾಡುವವರನ್ನು ಒಮ್ಮೆಯೂ ಕರೆಯದಿದ್ದರೆ ತಟ್ಟೆಯಲ್ಲಿ ಏನೂ ಬದಲಾಗುವುದಿಲ್ಲ.

ಎಲ್ಲರಿಗೂ ಒಂದೇ ಸೂಜಿಯಲ್ಲಿ ಚುಚ್ಚುತ್ತಾರೆಯೇ?

ಇಲ್ಲ, ಚುಚ್ಚಲೇಬಾರದು. ಹಾಗೆ ಹಂಚಿಕೊಂಡದ್ದರಿಂದ ಹೆಪಟೈಟಿಸ್ ಬಿ ಹರಡಿದ ಪ್ರಕರಣಗಳು ಬೇರೆ ದೇಶಗಳ ಆರೈಕೆ ಕೇಂದ್ರಗಳಲ್ಲಿ ಆಗಿವೆ, ಆದ್ದರಿಂದ ಜನರ ಅನುಮಾನಕ್ಕೆ ಕಾರಣವಿದೆ. ಒಬ್ಬರಿಗೆ ಒಂದೇ ಸಲ ಬಳಸಿ ಬಿಸಾಡುವ ಲ್ಯಾನ್ಸೆಟ್, ಅದನ್ನು ಅವರ ಕಣ್ಣೆದುರಿಗೇ ಮುಚ್ಚಳ ಮುರಿದು ತೆಗೆಯಿರಿ. ಪೆನ್ನಿನಂಥ ಚುಚ್ಚುವ ಸಾಧನವನ್ನು ಹೊಸ ಸೂಜಿ ಹಾಕಿದರೂ ಗುಂಪಿನಲ್ಲಿ ಬಳಸಬೇಡಿ. ಕೈಗವಸು ಪ್ರತಿಯೊಬ್ಬರಿಗೂ ಬದಲಾಗಬೇಕು. ಬಳಸಿದ ಲ್ಯಾನ್ಸೆಟ್ ಚುಚ್ಚದಂಥ ಬಿಳಿ ಡಬ್ಬಿಗೆ.

ರಕ್ತ ತೆಗೆಯುವ ಮೊದಲು ಸೋಪು ಹಾಕಿ ಕೈ ತೊಳೆಸಿ, ಪೂರ್ತಿ ಒಣಗಲಿ. ಬಾಳೆಹಣ್ಣು ಸುಲಿದ, ಬೆಲ್ಲ ಮುಟ್ಟಿದ ಬೆರಳಲ್ಲಿ ಶುಗರ್ ಸುಳ್ಳೇ ಏರಿ ತೋರಿಸುತ್ತದೆ. ಹತ್ತು ಜನರಿಗೆ 14 ಸ್ಟ್ರಿಪ್ ಇಟ್ಟುಕೊಳ್ಳಿ, ಒಂದೆರಡು ಕೆಡುತ್ತವೆ, ಒಂದೆರಡು ಸಲ ಮತ್ತೆ ನೋಡಬೇಕಾಗುತ್ತದೆ. ಮಳೆಗಾಲದಲ್ಲಿ ಸ್ಟ್ರಿಪ್ ಡಬ್ಬಿಯ ಮುಚ್ಚಳ ತೆರೆದಿಡಬೇಡಿ, ತೇವಕ್ಕೆ ಹಾಳಾಗುತ್ತವೆ. ಬಿ.ಪಿ. ಯಂತ್ರವನ್ನು ಮಾತುಕತೆಯಿಂದ ದೂರದ ಮೂಲೆಯಲ್ಲಿಡಿ: 5 ನಿಮಿಷ ಸುಮ್ಮನೆ ಕೂತು, ಬೆನ್ನಿಗೆ ಆಸರೆ ಇಟ್ಟು, ಮಾತಾಡದೆ ನೋಡಿಸಿಕೊಂಡರೆ ಮಾತ್ರ ಅಂಕಿ ನಂಬುವಂತಿರುತ್ತದೆ.

ಶುಗರ್ ಜಾಸ್ತಿ ಇರುವವರೇ ತಪ್ಪಿಸಿಕೊಳ್ಳುತ್ತಾರೆ. ಅವರಿಗೇ ತಾನೇ ಹೆಚ್ಚು ಅಗತ್ಯ?

ಬೈಸಿಕೊಳ್ಳಲು ಯಾರು ಒಂದು ದಿನದ ಕೂಲಿ ಬಿಟ್ಟು ಬರುತ್ತಾರೆ? "ಏನಮ್ಮಾ, 320 ಇದೆ, ಹಬ್ಬದ ಹೋಳಿಗೆ ಚೆನ್ನಾಗಿ ತಿಂದಿರಬೇಕು" ಎಂದು ಹತ್ತು ಜನರ ಮುಂದೆ ಅಂದರೆ ಆ ಹೆಂಗಸು ಮುಂದಿನ ತಿಂಗಳು ಎರಡು ದಿನ ಅನ್ನ ಬಿಟ್ಟು ಬರುತ್ತಾರೆ, ಇಲ್ಲವೇ ಬರುವುದೇ ಇಲ್ಲ. ಎರಡರಿಂದಲೂ ನಷ್ಟವೇ. ಗುಂಪು ತಪಾಸಣೆಯನ್ನು ಕೆಡಿಸುವುದರಲ್ಲಿ ಇದಕ್ಕಿಂತ ದೊಡ್ಡದು ಇನ್ನೊಂದಿಲ್ಲ ಎಂಬುದು ನಮ್ಮ ಖಚಿತ ಅಭಿಪ್ರಾಯ.

ಶುಗರ್ ಏರಲು ಕಾರಣ ಬಾಯಿಚಪಲ ಒಂದೇ ಅಲ್ಲ. ಮಾತ್ರೆ ಮುಗಿದಿರಬಹುದು, ಕಾಲಿನಲ್ಲೋ ಹಲ್ಲಿನಲ್ಲೋ ಕೀವು ಇರಬಹುದು, ಮಂಡಿನೋವಿಗೆಂದು ಎಲ್ಲೋ ಸ್ಟೀರಾಯ್ಡ್ ಇಂಜೆಕ್ಷನ್ ಕೊಟ್ಟಿರಬಹುದು, ಟಿ.ಬಿ. ಇರಬಹುದು, ಕಾಯಿಲೆ ಹಳೆಯದಾದಂತೆ ಮೇದೋಜೀರಕ ಗ್ರಂಥಿಯ ಶಕ್ತಿಯೇ ಕುಂದುತ್ತದೆ. ಆದ್ದರಿಂದ ಮೊದಲ ಮಾತು "ಈ ತಿಂಗಳು ಏನು ಕಷ್ಟವಾಯಿತು?" ಎಂದಿರಲಿ.

ಇನ್ನೊಂದು ಹೆದರಿಕೆ ಇನ್ಸುಲಿನ್‌ನದು. ಅದು ಕೊನೇ ಹಂತದ ಔಷಧಿ, ಒಮ್ಮೆ ಶುರು ಮಾಡಿದರೆ ಬಿಡಲಾಗದು ಎಂದು ಜನ ನಂಬಿದ್ದಾರೆ. ವೈದ್ಯರ ಹತ್ತು ಮಾತಿಗಿಂತ, ಈಗಾಗಲೇ ಇನ್ಸುಲಿನ್ ಚುಚ್ಚಿಕೊಂಡು ತೋಟದ ಕೆಲಸ ಮಾಡುತ್ತಿರುವ ಒಬ್ಬರು ಗುಂಪಿನಲ್ಲಿದ್ದು, ಸೂಜಿ ಎಷ್ಟು ಸಣ್ಣದೆಂದು ತೋರಿಸಿದರೆ ಕೆಲಸ ಬೇಗ ಆಗುತ್ತದೆ.

ಅನ್ನ ಬಿಡಿ ಎಂದರೆ ಜನ ಎದ್ದು ಹೋಗುತ್ತಾರೆ. ಊಟದ ಮಾತು ಹೇಗೆ ಆಡುವುದು?

ರೇಷನ್ನಿನಲ್ಲಿ ಬರುವುದು ಹೆಚ್ಚಾಗಿ ಅಕ್ಕಿ. ಮನೆಯಲ್ಲಿ ಇರುವುದನ್ನೇ ಉಣ್ಣಬೇಕು. ಓಟ್ಸ್, ಆಲಿವ್ ಎಣ್ಣೆ, ಸೇಬು ಎಂದು ಅಚ್ಚಾದ ಪಟ್ಟಿ ಕೈಗಿಟ್ಟರೆ, "ಇದು ದುಡ್ಡಿದ್ದವರಿಗೆ" ಎಂದು ಮಡಚಿ ಇಟ್ಟುಕೊಳ್ಳುತ್ತಾರೆ. ತಟ್ಟೆ ತಂದು ತೋರಿಸಿ: ಅರ್ಧ ತಟ್ಟೆ ಸೊಪ್ಪು ತರಕಾರಿ, ಕಾಲು ಭಾಗ ಬೇಳೆ, ಕಾಳು, ಮೊಟ್ಟೆ ಅಥವಾ ಮೀನು, ಉಳಿದ ಕಾಲು ಭಾಗ ಅನ್ನವೋ ಮುದ್ದೆಯೋ ಜೋಳದ ರೊಟ್ಟಿಯೋ. ರಾಗಿ ತಿಂದರೆ ಶುಗರ್ ಬರುವುದಿಲ್ಲವೆಂದು ಎರಡು ದೊಡ್ಡ ಮುದ್ದೆ ನುಂಗುವವರಿಗೆ, ರಾಗಿಯಲ್ಲೂ ಹಿಟ್ಟಿನಂಶವೇ ಹೆಚ್ಚೆಂದು ತಿಳಿಸಬೇಕು. ಕರಾವಳಿಯಲ್ಲಿ ಕುಚ್ಚಲಕ್ಕಿ ಗಂಜಿ, ಮಲೆನಾಡಿನಲ್ಲಿ ಅಕ್ಕಿ ರೊಟ್ಟಿ, ಕಲಬುರಗಿಯಲ್ಲಿ ಜೋಳ. ಪಾಠ ಆ ಊರಿನ ತಟ್ಟೆಯಿಂದಲೇ ಹುಟ್ಟಬೇಕು. ದಿನಕ್ಕೆ ನಾಲ್ಕು ಸಲ ಕುಡಿಯುವ ಟೀಯಲ್ಲಿ ತಲಾ ಎರಡು ಚಮಚ ಸಕ್ಕರೆ ಇದ್ದರೆ ದಿನಕ್ಕೆ ಎಂಟು ಚಮಚ. ಅಲ್ಲಿಂದ ಶುರು ಮಾಡುವುದು ಎಲ್ಲರಿಗೂ ಸಾಧ್ಯ.

ಉಪವಾಸಗಳನ್ನು ಬೈಯಬೇಡಿ, ಮೊದಲೇ ಕೇಳಿ. ರಂಜಾನ್‌ಗೆ 6ರಿಂದ 8 ವಾರ ಮುಂಚಿನ ಗುಂಪಿನಲ್ಲೇ ಯಾರು ಉಪವಾಸ ಮಾಡುತ್ತಾರೆ, ಯಾರಿಗೆ ಅದು ಅಪಾಯ, ಮಾತ್ರೆಯ ಹೊತ್ತು ಹೇಗೆ ಬದಲಿಸುವುದು ಎಂದು ತೀರ್ಮಾನವಾಗಬೇಕು. ಏಕಾದಶಿ, ಶನಿವಾರದ ಒಪ್ಪೊತ್ತಿಗೂ ಅದೇ ಮಾತು.

ಒಬ್ಬರೇ ಮಾತಾಡುತ್ತಾರೆ, ಅಥವಾ ಯಾವುದೋ ಪುಡಿ ಮಾರಲು ನೋಡುತ್ತಾರೆ. ತಡೆಯುವುದು ಹೇಗೆ?

ಊರಿನಲ್ಲಿ ಗಣ್ಯರಾದವರು ಗುಂಪಿನಲ್ಲಿದ್ದರೆ ಉಳಿದವರು ತಲೆ ಆಡಿಸಿ ಸುಮ್ಮನಾಗುತ್ತಾರೆ. ವೃತ್ತವಾಗಿ ಕೂರಿಸಿ, ಒಬ್ಬೊಬ್ಬರ ಹೆಸರು ಹಿಡಿದು ಸರದಿಯಂತೆ ಕೇಳಿ. "ಗೌಡರು ಹೇಳಿದ್ದು ಸರಿ, ಈಗ ಲಕ್ಷ್ಮಮ್ಮನವರ ಮಾತು ಕೇಳೋಣ" ಎಂದರೆ ಯಾರಿಗೂ ಅವಮಾನವಾಗುವುದಿಲ್ಲ. ಕೂರುವ ಜಾಗದಲ್ಲಿ ಜಾತಿ ನುಸುಳುತ್ತದೆ. ಕೆಲವರು ಬಾಗಿಲ ಬಳಿಯೇ ನಿಲ್ಲುತ್ತಾರೆ. ಕುರ್ಚಿಗಳನ್ನು ಎಣಿಸಿ ಹಾಕಿ, ಬಂದ ಕ್ರಮದಲ್ಲಿ ನರ್ಸ್ ಅವರೇ ಕೂರಿಸಲಿ.

ಶುಗರ್ ಬೇರು ಸಮೇತ ಹೋಗುತ್ತದೆಂದು ಪುಡಿ, ಕಷಾಯ ಮಾರುವವರು ಗುಂಪನ್ನು ಹುಡುಕಿಕೊಂಡೇ ಬರುತ್ತಾರೆ, ಕೆಲವೊಮ್ಮೆ ಸದಸ್ಯರಾಗಿಯೇ. ಇಲ್ಲಿ ಏನೂ ಮಾರುವಂತಿಲ್ಲ ಎಂಬುದು ಮೊದಲ ದಿನದ ನಿಯಮವಾಗಿರಲಿ. ಆದರೆ ಹಾಗಲಕಾಯಿ ರಸ, ಮೆಂತ್ಯ, ಮಧುನಾಶಿನಿ ತೆಗೆದುಕೊಳ್ಳುವುದನ್ನು ಹೇಳಿದವರನ್ನು ಗದರಿಸಬೇಡಿ. ಗದರಿಸಿದರೆ ಮುಚ್ಚಿಡುತ್ತಾರೆ, ಮಾತ್ರೆಯ ಜೊತೆ ಸೇರಿ ಶುಗರ್ ತೀರಾ ಇಳಿದರೆ ಕಾರಣವೇ ತಿಳಿಯುವುದಿಲ್ಲ. ಮಾತ್ರೆ ಬಿಡಬಾರದು, ಅಷ್ಟನ್ನು ಗಟ್ಟಿಯಾಗಿ ಹೇಳಿ.

ಭಾಷೆ ಒಂದು ಅಡ್ಡಿಯೇ?

ಹೌದು. ಕೋಲಾರ, ಪಾವಗಡದಲ್ಲಿ ತೆಲುಗು, ಮಂಗಳೂರಿನಲ್ಲಿ ತುಳು, ಬ್ಯಾರಿ, ಕೊಂಕಣಿ, ತಾಂಡಾಗಳಲ್ಲಿ ಲಂಬಾಣಿ, ಬೀದರ್‌ನಲ್ಲಿ ಉರ್ದು, ಮರಾಠಿ. ಪುಸ್ತಕದ ಕನ್ನಡದಲ್ಲಿ ಪಾಠ ಮಾಡಿದರೆ ಅರ್ಧ ಜನ ಹೂಂಗುಟ್ಟಿ ಹೋಗುತ್ತಾರೆ. ಆಶಾ ಅಥವಾ ಗುಂಪಿನ ಒಬ್ಬರು ಮಾತನ್ನು ದಾಟಿಸಲಿ, ಒಂಟಿ ಮಾತಿಗೆ ಮಾತ್ರ ನೆರೆಯವರನ್ನು ದುಭಾಷಿಯಾಗಿ ಕೂರಿಸಬೇಡಿ. ತಿಳಿಯಿತೇ ಎಂದು ಕೇಳುವ ಬದಲು "ಮನೆಗೆ ಹೋಗಿ ಮಾತ್ರೆ ಹೇಗೆ ನುಂಗುತ್ತೀರಿ, ಹೇಳಿ" ಎನ್ನಿ.

ಜಾಗದ ವಿಷಯದಲ್ಲಿ ಏನು ನೋಡಬೇಕು?

ಮೊದಲು ಶೌಚಾಲಯ. ಶುಗರ್ ಜಾಸ್ತಿ ಇರುವವರಿಗೆ ಗಂಟೆಗೊಮ್ಮೆ ಮೂತ್ರಕ್ಕೆ ಹೋಗಬೇಕು. ಬೀಗ ಹಾಕಿದ, ನೀರಿಲ್ಲದ ಶೌಚಾಲಯ ಇರುವ ಕಡೆ ಹೆಂಗಸರು 100 ನಿಮಿಷ ಕೂರಲಾರರು, ಮತ್ತು ಈ ಕಾರಣವನ್ನು ಯಾರಿಗೂ ಹೇಳಲಾರರು. ಗುಂಪಿನ ದಿನ ಬೆಳಿಗ್ಗೆ ಬೀಗ ತೆಗೆದಿದೆಯೇ, ಬಕೆಟ್‌ನಲ್ಲಿ ನೀರಿದೆಯೇ ನೋಡುವುದು ಒಬ್ಬರ ಹೆಸರಿಗೆ ಹಚ್ಚಿದ ಕೆಲಸವಾಗಿರಲಿ.

ಜಮಖಾನೆ ಹಾಸಿ ನೆಲದ ಮೇಲೆ ಕೂರಿಸಬೇಡಿ, ಮಂಡಿನೋವಿನವರು ಏಳಲಾರರು. ಚಪ್ಪಲಿ ಹೊರಗೆ ಬಿಡಿಸಿ ಬಿಸಿಲು ಕಾದ ಜಗಲಿಯಲ್ಲಿ ಬರಿಗಾಲಲ್ಲಿ ನಡೆಸಬೇಡಿ, ಸ್ಪರ್ಶ ಹೋದ ಪಾದ ಸುಟ್ಟರೂ ತಿಳಿಯುವುದಿಲ್ಲ. ವರ್ಷಕ್ಕೊಮ್ಮೆಯಾದರೂ 10 ಗ್ರಾಂ ಮಾನೋಫಿಲಮೆಂಟ್‌ನಿಂದ (ಸ್ಪರ್ಶ ತಿಳಿಯುತ್ತದೆಯೇ ಎಂದು ನೋಡುವ ನೈಲಾನ್ ಎಳೆ) ಪಾದ ನೋಡುವಾಗ ಪರದೆಯ ಮರೆ ಇರಲಿ. ಕಣ್ಣು ಮಂಜಾದವರಿಗೆ, ಕಿವಿ ಮಂದವಾದವರಿಗೆ ಮುಂದಿನ ಕುರ್ಚಿ.

ಯಾರನ್ನು ಗುಂಪಿಗೆ ಸೇರಿಸಬಾರದು?

ಅಂದು ವಾಂತಿ, ಜ್ವರ, ಉಸಿರುಗಟ್ಟು, ಎದೆನೋವು, ಕಾಲಿನಲ್ಲಿ ಹುಣ್ಣು ಇರುವವರನ್ನು, ಶುಗರ್ 300 ದಾಟಿ ಸುಸ್ತಾಗಿರುವವರನ್ನು ನೇರ ವೈದ್ಯರ ಬಳಿಗೆ ಕಳಿಸಿ. ಗರ್ಭಿಣಿಯರಿಗೆ ಮತ್ತು ಟೈಪ್ 1 ಇರುವ ಮಕ್ಕಳಿಗೆ ಬೇರೆಯೇ ವ್ಯವಸ್ಥೆ ಬೇಕು. ಶುಗರ್ ಇದೆ ಎಂದು ಇವತ್ತೇ ತಿಳಿದವರನ್ನು ಅಂದೇ ಗುಂಪಿನಲ್ಲಿ ಕೂರಿಸಬೇಡಿ, ಮೊದಲ ಮಾತು ಒಂಟಿಯಾಗಿಯೇ ಆಗಲಿ.

ಸ್ತ್ರೀಶಕ್ತಿ ಸಂಘದ ಸಭೆಯ ದಿನವೇ ತಪಾಸಣೆ ಮಾಡಬಹುದೇ?

ಮಾಡಬಹುದು. ಪಶ್ಚಿಮ ಕೆನ್ಯಾದಲ್ಲಿ ಮಧುಮೇಹ ಮತ್ತು ಬಿ.ಪಿ. ಇರುವವರ ಗುಂಪು ತಪಾಸಣೆಯನ್ನು ಉಳಿತಾಯ, ಸಾಲದ ಗುಂಪುಗಳ ಜೊತೆ ಜೋಡಿಸಿ ಪರೀಕ್ಷಿಸಿದ್ದಾರೆ. 2021ರಲ್ಲಿ ಅದರ ಫಲಿತಾಂಶ ಬಂತು, ಎರಡೂ ಸೇರಿದ ಗುಂಪಿನಲ್ಲಿ ಬಿ.ಪಿ. ಹೆಚ್ಚು ಇಳಿದಿತ್ತು. ಇಲ್ಲಿ ಒಂದು ಎಚ್ಚರಿಕೆ ಬೇಕು. ಕಂತು ಕಟ್ಟಲಾಗದ ವಾರ ಹೆಂಗಸರು ಸಂಘದ ಸಭೆಯಿಂದ ಮುಖ ಮರೆಸುತ್ತಾರೆ. ತಪಾಸಣೆಯೂ ಅಲ್ಲೇ ಇದ್ದರೆ ಮಾತ್ರೆಯೂ ತಪ್ಪುತ್ತದೆ. ಹಣದ ಲೆಕ್ಕಕ್ಕೆ ಮುಂಚೆ ತಪಾಸಣೆ ಮುಗಿಸಿ, ಸಂಘದಲ್ಲಿ ಇಲ್ಲದವರಿಗೂ ಬಾಗಿಲು ತೆರೆದಿಡಿ.

ಮನೆಯಿಂದಲೇ ವಿಡಿಯೊದಲ್ಲಿ ಸೇರಿದರೆ ಆಗದೇ?

ನಗರದ ಉದ್ಯೋಗಿಗಳಿಗೆ ಅನುಕೂಲ. ಆದರೆ ಮನೆಯಲ್ಲಿ ಗ್ಲುಕೋಮೀಟರ್, ಬಿ.ಪಿ. ಯಂತ್ರ ಬೇಕು, ಪಾದದ ಪರೀಕ್ಷೆ ಆಗುವುದಿಲ್ಲ, ಪಕ್ಕದ ಕೋಣೆಯವರಿಗೆ ಎಲ್ಲವೂ ಕೇಳುತ್ತದೆ. ಮೂರು ಸಲಕ್ಕೆ ಒಮ್ಮೆಯಾದರೂ ಎದುರಿಗೇ ಬರಲಿ.

ವೈದ್ಯರಿಗೇ ಮೀಟಿಂಗ್ ಬಂದರೆ?

ರದ್ದು ಮಾಡಬೇಡಿ. ಬಂದವರನ್ನು ವಾಪಸ್ ಕಳಿಸುವುದಕ್ಕಿಂತ ನರ್ಸ್ ಅವರು ತಪಾಸಣೆ, ಮಾತುಕತೆ ಮುಗಿಸಿ ಹಳೆಯ ಚೀಟಿಯಂತೆ ಮಾತ್ರೆ ಕೊಡುವುದು ಮೇಲು. ಅಂಕಿ ತೀರಾ ಏರುಪೇರಾದವರ ಬಗ್ಗೆ ಫೋನಿನಲ್ಲಿ ವೈದ್ಯರನ್ನು ಕೇಳಬಹುದು. ಈ ಏರ್ಪಾಡನ್ನು ವೈದ್ಯರು ಮೊದಲೇ ಬರೆದು ಸಹಿ ಹಾಕಿ ಇಟ್ಟಿರಬೇಕು.

ತಪ್ಪಿಸಿಕೊಂಡವರನ್ನು ಹೇಗೆ ವಿಚಾರಿಸುವುದು?

ಎರಡು ದಿನದೊಳಗೆ ಆಶಾ ಫೋನ್ ಮಾಡಲಿ. ಹಳ್ಳಿಯಲ್ಲಿ ಚೀಟಿಯ ಮೇಲಿನ ನಂಬರು ಹೆಚ್ಚಾಗಿ ಮಗನದ್ದು, ಅವನು ಬೆಂಗಳೂರಿನಲ್ಲಿ ಇರುತ್ತಾನೆ. ಮನೆಯಲ್ಲಿ ಹಗಲು ಯಾರ ಕೈಯಲ್ಲಿ ಫೋನ್ ಇರುತ್ತದೆಂದು ಕೇಳಿ, ಅದನ್ನೂ ಬರೆದುಕೊಳ್ಳಿ. ಮೆಸೇಜ್ ಓದುವುದಿಲ್ಲ, ಮಾತೇ ಬೇಕು. ಗುಂಪಿನ ಹಿಂದಿನ ಸಂಜೆ ನೆನಪಿಸುವುದಕ್ಕೂ ಅಷ್ಟೇ.

"ಯಾಕೆ ಬರಲಿಲ್ಲ?" ಎಂದರೆ ನೆಪ ಸಿಗುತ್ತದೆ. ಕೇಳಬೇಕಾದ ಪ್ರಶ್ನೆಗಳು ಬೇರೆ: ಮಾತ್ರೆ ಇನ್ನೂ ಎಷ್ಟು ದಿನಕ್ಕಿದೆ? ಅವತ್ತು ಏನು ಕೆಲಸವಿತ್ತು? ಹೋದ ಸಲ ಏನಾದರೂ ಬೇಸರವಾಯಿತೇ? ಯಾವ ದಿನ, ಯಾವ ಹೊತ್ತಾದರೆ ಅನುಕೂಲ? ಉತ್ತರವನ್ನು ಹಾಜರಿ ಪುಸ್ತಕದಲ್ಲಿ ಹೆಸರಿನ ಪಕ್ಕ ಎರಡೇ ಪದದಲ್ಲಿ ಬರೆಯಿರಿ: ಕೂಲಿ, ಬಸ್, ಮಾತ್ರೆ ಇಲ್ಲ, ನಾಚಿಕೆ, ಬೈಗುಳ, ಊರಲ್ಲಿಲ್ಲ. ಮೂರು ತಿಂಗಳಾದ ಮೇಲೆ ಎಣಿಸಿ ನೋಡಿ. ಯಾವ ಪದ ಹೆಚ್ಚು ಸಲ ಬಂದಿದೆಯೋ ಮುಂದಿನ ಮೂರು ತಿಂಗಳು ಅದೊಂದನ್ನೇ ಸರಿಪಡಿಸಿ. ಕಬ್ಬು ಕಟಾವಿಗೋ ಬೆಂಗಳೂರಿಗೋ ಗುಳೆ ಹೋಗುವವರು ಪ್ರತಿ ವರ್ಷ ಅದೇ ತಿಂಗಳಲ್ಲಿ ಹೋಗುತ್ತಾರೆ. ಅವರಿಗೆ ಹೊರಡುವ ಮೊದಲೇ ಎರಡು ತಿಂಗಳ ಮಾತ್ರೆ, ಔಷಧಿಯ ಹೆಸರು, ಪ್ರಮಾಣ ಬರೆದ ಚೀಟಿ ಕೊಟ್ಟು ಕಳಿಸಿ, ಹೋದ ಊರಿನ ಸರ್ಕಾರಿ ಆಸ್ಪತ್ರೆಯಲ್ಲಿ ಅದನ್ನು ತೋರಿಸಲು ಹೇಳಿ.